ಹೊಳೆಯ ಕಸಕ್ಕೂ ವಿಳಾಸವಿದೆ

ಮಳೆಗಾಲ ಹಿಂದೆ ಸರಿದು ಹೊಳೆಗಳು ತಿಳಿಯಾಗುತ್ತಿರುವ ಈ ದಿನಗಳಲ್ಲಿ ನಮ್ಮ ಬಳಗದ ವಿದ್ಯಾರ್ಥಿ ಮಿತ್ರರು ಒಂದು ಪ್ರಸ್ತಾಪವನ್ನು ಮುಂದಿಟ್ಟಿದ್ದಾರೆ. ಹರಿಗೋಲು, ದೋಣಿ, ಸಿಕ್ಕರೆ ಒಂದೆರಡು ಕಯಾಕ್‌ಗಳಲ್ಲಿ ತುಂಗೆಯ ಮೇಲೆ ಸಾಗುತ್ತ, ನೀರಿನಲ್ಲಿಯೂ ದಡದಲ್ಲಿಯೂ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ಮತ್ತಿತರ ಕಸವನ್ನು ಹೆಕ್ಕಿ ತರಬೇಕೆಂಬುದು ಅವರ ಆಸೆ. ಹಿರಿಯರಲ್ಲಿ ಕೆಲವರಿಗೆ ಇದು ರುಚಿಸಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶರಾವತಿ ಭೂಗತ ವಿದ್ಯುತ್ ಯೋಜನೆಯ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ತಮ್ಮ ವಿರೋಧವನ್ನು ದಾಖಲಿಸಿ ಬಂದಿದ್ದಾರೆ. ಬೇಡ್ತಿ-ವರದಾ ಜೋಡಣೆಯ ಕಡತ ವರ್ಷಗಳಿಂದ ಮತ್ತೆ ಮತ್ತೆ ಮೇಜಿನ ಮೇಲೆ ಬರುತ್ತಲೇ ಇದೆ. ನದಿಯನ್ನೇ ಕೊಳವೆಗೆ ತುಂಬುವ ಮಾತು ನಡೆಯುತ್ತಿರುವಾಗ ನದಿಯಲ್ಲಿ ತೇಲುವ ಬಾಟಲಿ ಹೆಕ್ಕುತ್ತ ಕೂರುವುದು ಮನೆಗೆ ಬೆಂಕಿ ಬಿದ್ದಾಗ ಅಂಗಳ ಗುಡಿಸಿದಂತೆ ಎಂಬುದು ಅವರ ವಾದ.

ಎರಡೂ ಕಡೆಯ ಮಾತನ್ನು ಕೇಳಿದ ಮೇಲೆ ಈ ಪತ್ರಿಕೆ ವಿದ್ಯಾರ್ಥಿಗಳ ಪರ ನಿಲ್ಲುತ್ತದೆ. ಆದರೆ ಅವರು ಕೊಟ್ಟ ಕಾರಣಕ್ಕಾಗಿ ಅಲ್ಲ. ಹೊಳೆ ಸ್ವಚ್ಛವಾಗುತ್ತದೆಂಬುದು ಅವರ ನಿರೀಕ್ಷೆ. ನಾಲ್ಕು ದಿನ ಹುಟ್ಟು ಹಾಕಿ ಬಾಚಿದ ಹೊಳೆಯನ್ನು ಮುಂದಿನ ಆರಿದ್ರಾ ಮಳೆ ನಾಲ್ಕು ತಾಸಿನಲ್ಲಿ ಮೊದಲಿನಂತೆಯೇ ಮಾಡಿಬಿಡುತ್ತದೆ. ಹರಿಗೋಲು ತರಬಲ್ಲ ನಿಜವಾದ ಸಂಪತ್ತು ಬೇರೆ. ಯಾವ ಕಸ, ಎಲ್ಲಿಂದ, ಯಾವ ದಾರಿಯಲ್ಲಿ, ಯಾರ ಕೈಯಿಂದ ಹೊಳೆಗೆ ಬಂತು ಎಂಬ ಕಣ್ಣಾರೆ ಕಂಡ ಲೆಕ್ಕ ಅದು. ಆ ಲೆಕ್ಕ ದಡ ಹತ್ತಿ ಗ್ರಾಮಸಭೆಗೆ ಹೋಗುವುದಾದರೆ ಮಾತ್ರ ಈ ಜಲಯಾನಕ್ಕೆ ಅರ್ಥವಿದೆ. ಹೋಗದಿದ್ದರೆ ಹಿರಿಯರು ಹೇಳಿದ್ದೇ ಸರಿ.

ಹೊರಗಿನವರು ಏನು ಮಾಡಿದ್ದಾರೆಂಬುದನ್ನು ಮೊದಲು ನೋಡೋಣ. 2017ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಗ್ರೀನ್‌ಕಯಾಕ್ ಎಂಬ ಏರ್ಪಾಡು ಆರಂಭವಾಯಿತು. ನೀರಿನಲ್ಲಿ ವಿಹರಿಸಲು ಬಂದವರಿಗೆ ಕಯಾಕ್ ಉಚಿತ. ಬಾಡಿಗೆಯ ಬದಲು ಅವರು ಕಸ ಹೆಕ್ಕಿ ತರಬೇಕು, ತಂದದ್ದನ್ನು ತೂಗಿ ಲೆಕ್ಕ ಕೊಡಬೇಕು, ತಮ್ಮ ಅನುಭವವನ್ನು ನಾಲ್ಕು ಜನರೊಡನೆ ಹಂಚಿಕೊಳ್ಳಬೇಕು. ಜಾಣತನದ ಏರ್ಪಾಡು, ಸಂದೇಹವಿಲ್ಲ. ಆದರೆ ಅದು ಶಾಂತವಾದ ನೀರಿನ, ದಡಕ್ಕೆ ತಂದ ಕಸವನ್ನು ಒಯ್ಯಲು ನಗರಾಡಳಿತವಿರುವ ಊರಿನ ಮಾತು. ನಮ್ಮ ಹೊಳೆ ಆಷಾಢದಲ್ಲಿ ಸೇತುವೆ ಮುಟ್ಟಲು ಹವಣಿಸುತ್ತದೆ, ಶಿವರಾತ್ರಿಯ ಹೊತ್ತಿಗೆ ಬಂಡೆಗಳ ನಡುವಿನ ಮಡುಗಳಾಗಿ ಒಡೆದು ನಿಲ್ಲುತ್ತದೆ. ದೋಣಿ ನಡೆಸಲು ನಮಗೆ ದೊರೆಯುವುದು ನಡುವಿನ ಮೂರ್ನಾಲ್ಕು ತಿಂಗಳಷ್ಟೇ.

ಇನ್ನೊಂದು ಉದಾಹರಣೆ ನೆರೆಯ ಕೇರಳದ್ದು. ಕೊಟ್ಟಾಯಂ ಜಿಲ್ಲೆಯ ಎನ್. ಎಸ್. ರಾಜಪ್ಪನ್ ಎಂಬವರಿಗೆ ಬಾಲ್ಯದಲ್ಲಿ ಬಂದ ಪೋಲಿಯೋದಿಂದಾಗಿ ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ನಡೆಯಲಾಗದ ಆ ಮನುಷ್ಯ ನಾಡದೋಣಿಯಲ್ಲಿ ಕುಳಿತು ವೆಂಬನಾಡು ಹಿನ್ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಬಾಟಲಿಗಳನ್ನು ಹೆಕ್ಕಿ, ಮಾರಿ, ಅದರಿಂದಲೇ ಬದುಕುತ್ತಿದ್ದರು. 2021ರ ಜನವರಿ 31ರಂದು ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಅವರ ಪ್ರಸ್ತಾಪ ಬಂದ ಮೇಲೆ ದೇಶ ಅವರನ್ನು ಕಂಡಿತು. ಎಲ್ಲರೂ ಅವರ ಛಲವನ್ನು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ಆದರೆ ಆ ಕಥೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅವರು ಹೆಕ್ಕುತ್ತಿದ್ದುದು ಬಾಟಲಿಗಳನ್ನು, ಏಕೆಂದರೆ ಗುಜರಿಯವನು ಕೊಳ್ಳುವುದು ಬಾಟಲಿಯನ್ನು. ಬಾಟಲಿಯಾದರೂ ಹಗುರ. ದೋಣಿ ತುಂಬಿದಂತೆ ಕಂಡರೂ ತಕ್ಕಡಿಗೆ ಹಾಕಿದಾಗ ತೂಕ ಅಷ್ಟಕ್ಕಷ್ಟೇ. ಶಾಂಪೂ ಪೊಟ್ಟಣ, ಕುರುಕಲು ತಿಂಡಿಯ ಹೊಳಪಿನ ಚೀಲ, ಪಾನ್ ಮಸಾಲೆಯ ಸಂಚಿ ಇವಕ್ಕೆ ಅಷ್ಟೂ ಬೆಲೆಯಿಲ್ಲ. ಪ್ಲಾಸ್ಟಿಕ್ಕಿನ ಪದರಕ್ಕೆ ಲೋಹದ ತೆಳು ಲೇಪ ಅಂಟಿಸಿದ ಈ ಸರಕನ್ನು ಬಿಡಿಸಿ ಮರುಬಳಕೆ ಮಾಡುವುದು ಕಷ್ಟ. ಆದ್ದರಿಂದ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದ್ದರಿಂದ ಹೆಕ್ಕುವವರೂ ಇಲ್ಲ. ಮಾರುಕಟ್ಟೆ ಬೇಡವೆಂದದ್ದು ಹೊಳೆಯ ಪಾಲಿಗೆ ಉಳಿಯುತ್ತದೆ.

ಮೂರನೆಯದು ಚಾಲಿಯಾರ್ ನದಿಯದ್ದು. ವಯನಾಡು-ನೀಲಗಿರಿ ಬೆಟ್ಟಗಳಲ್ಲಿ ಹುಟ್ಟಿ ನಿಲಂಬೂರಿನ ಕಾಡುಗಳನ್ನು ಹಾದು ಬೇಪೂರಿನಲ್ಲಿ ಕಡಲು ಸೇರುವ ನದಿ ಅದು. 2015ರಲ್ಲಿ ಆರಂಭವಾದ ಒಂದು ಯಾನದಲ್ಲಿ ಕಯಾಕ್ ಮತ್ತಿತರ ಕಿರುದೋಣಿಗಳ ತಂಡ ನಿಲಂಬೂರಿನಿಂದ ಬೇಪೂರಿನವರೆಗೆ 68 ಕಿಲೋಮೀಟರು ದೂರವನ್ನು ಮೂರು ದಿನಗಳಲ್ಲಿ ಕ್ರಮಿಸುತ್ತ, ದಾರಿಯುದ್ದಕ್ಕೂ ಸಿಕ್ಕ ಪ್ಲಾಸ್ಟಿಕ್ಕನ್ನು ಎತ್ತುತ್ತ, ದಡದ ಊರುಗಳಲ್ಲಿ ತಂಗುತ್ತ ಸಾಗಿತು. ಮುಂದಿನ ವರ್ಷಗಳಲ್ಲಿ ಅದು ವಾರ್ಷಿಕ ಕಾರ್ಯಕ್ರಮವೇ ಆಯಿತು.

ಹಳೆಯ ಹೋರಾಟಗಾರರಿಗೆ ಚಾಲಿಯಾರ್ ಎಂದೊಡನೆ ನೆನಪಾಗುವುದು ಕಯಾಕ್ ಅಲ್ಲ, ಮಾವೂರಿನ ರೇಯಾನ್ ತಿರುಳಿನ ಕಾರ್ಖಾನೆ. ಕಾಡಿನ ಬಿದಿರನ್ನು ನುಂಗಿ ಹೊಳೆಗೆ ವಿಷ ಉಗುಳಿದ ಆ ಕಾರ್ಖಾನೆಯ ವಿರುದ್ಧ ದಡದ ಜನರನ್ನು ಸಂಘಟಿಸಿದ ಕೆ. ಎ. ರಹಮಾನ್ 1999ರಲ್ಲಿ ಕ್ಯಾನ್ಸರಿಗೆ ತುತ್ತಾದರು. ಕಾರ್ಖಾನೆ ಶಾಶ್ವತವಾಗಿ ಮುಚ್ಚಿದ್ದು 2001ರಲ್ಲಿ, ಅದನ್ನು ನೋಡಲು ಅವರಿರಲಿಲ್ಲ. ಅದೇ ಕಂಪನಿಯ ಇನ್ನೊಂದು ಕಾರ್ಖಾನೆ ಹರಿಹರದ ಬಳಿ ನಮ್ಮ ತುಂಗಭದ್ರೆಯ ದಡದಲ್ಲಿತ್ತು. ಅದರ ಕೊಳಚೆಯ ವಿರುದ್ಧ 1980ರ ದಶಕದಲ್ಲಿ ನಡೆದ ಹೋರಾಟವೂ, ಅದಕ್ಕಾಗಿ ನೀಲಗಿರಿ ನೆಡಲು ಗೋಮಾಳ ಕೊಟ್ಟದ್ದರ ವಿರುದ್ಧ 1987ರಲ್ಲಿ ಕುಸನೂರಿನಲ್ಲಿ ನಡೆದ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೂ ಮಲೆನಾಡಿನ ಒಂದು ತಲೆಮಾರಿಗೆ ಪಾಠಶಾಲೆಯಾಗಿದ್ದವು.

ಅಂದಿನ ಮಾಲಿನ್ಯಕ್ಕೆ ಒಂದು ಕೊಳವೆಯಿತ್ತು, ಕೊಳವೆಯ ಹಿಂದೆ ಒಂದು ಗೇಟು, ಗೇಟಿನ ಮೇಲೆ ಒಂದು ಹೆಸರು. ಘೋಷಣೆ ಯಾರ ವಿರುದ್ಧ ಎಂಬುದು ತಿಳಿದಿರುತ್ತಿತ್ತು. ಇಂದು ಅದೇ ಚಾಲಿಯಾರಿನಲ್ಲಿ ಕಯಾಕ್ ನಡೆಸುವವರು ಎತ್ತುವ ಕಸ ಸಾವಿರಾರು ಕೈಗಳಿಂದ ಜಾರಿ ಬಿದ್ದದ್ದು. ಅದಕ್ಕೆ ಗೇಟಿಲ್ಲ, ಧರಣಿ ಕೂರಲು ಜಾಗವಿಲ್ಲ. ನಮ್ಮ ಹಿರಿಯರಿಗೆ ಇದು ಹೋರಾಟದಂತೆ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ವಿಳಾಸ ಹಲವಾಯಿತೆಂದ ಮಾತ್ರಕ್ಕೆ ವಿಳಾಸವೇ ಇಲ್ಲವೆಂದಾಗದು.

ಪ್ರಪಂಚದ ಸಾಗರಗಳಿಗೆ ಹೋಗುವ ಪ್ಲಾಸ್ಟಿಕ್ಕಿನ ಬಹುಪಾಲನ್ನು ಕೆಲವೇ ಮಹಾನದಿಗಳು ಒಯ್ಯುತ್ತವೆಂದು ಕೆಲವು ವರ್ಷಗಳ ಹಿಂದೆ ನಂಬಲಾಗಿತ್ತು. 2021ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಿಸಿತು. ನದಿಗಳ ಮೂಲಕ ಕಡಲು ಸೇರುವ ಪ್ಲಾಸ್ಟಿಕ್ ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಎಂದು ಅಂದಾಜಿಸಿದ ಆ ಅಧ್ಯಯನ, ಅದರ ಶೇಕಡಾ 80ರಷ್ಟನ್ನು ಒಯ್ಯಲು ಸಾವಿರಕ್ಕೂ ಹೆಚ್ಚು ನದಿಗಳು ಬೇಕು, ಅವುಗಳಲ್ಲಿ ಊರುಗಳ ನಡುವೆ ಹರಿಯುವ ಚಿಕ್ಕ ನದಿಗಳ ಪಾತ್ರ ದೊಡ್ಡದು ಎಂದು ಹೇಳಿತು. ಬೆಟ್ಟದ ನಾಡಿನವರಿಗೆ ಇದರ ಅರ್ಥ ಸರಳ. ಗಂಗೆ, ಯಾಂಗ್ಟ್ಸಿಗಳ ಕಡೆ ಬೆರಳು ತೋರಿಸಿ ನಮ್ಮ ಹಳ್ಳವನ್ನು ಮರೆಯುವಂತಿಲ್ಲ. ಮೇಲಿನವರು ಕೈಬಿಟ್ಟದ್ದನ್ನೆಲ್ಲ ಹೊಳೆ ಕೆಳಗಿನವರಿಗೆ ತಲುಪಿಸುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿದಾಗ ಕೊಚ್ಚಿಹೋದ ಎಷ್ಟೋ ಮಂದಿಯ ದೇಹಗಳು ಬಹುದೂರ ಕೆಳಗೆ, ನಿಲಂಬೂರಿನ ಕಡೆ, ಇದೇ ಚಾಲಿಯಾರಿನಲ್ಲಿ ದೊರೆತವೆಂಬುದನ್ನು ಮೇಲ್ದಂಡೆಯಲ್ಲಿ ಬದುಕುವವರು ಮರೆಯಲಾಗದು.

ಈಗ ನಮ್ಮ ತುಂಗೆಗೆ ಬರೋಣ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ, ಮಂಡಗದ್ದೆಗಳನ್ನು ಹಾದು ಗಾಜನೂರಿನ ಅಣೆಕಟ್ಟೆಯಲ್ಲಿ ಒಮ್ಮೆ ಉಸಿರು ಬಿಟ್ಟು, ಶಿವಮೊಗ್ಗದ ಬಾಯಾರಿಕೆ ತಣಿಸಿ, ಕೂಡಲಿಯಲ್ಲಿ ಭದ್ರೆಯನ್ನು ಸೇರುವ ನದಿ. ತುಂಗಾ ಪಾನ ಗಂಗಾ ಸ್ನಾನ ಎಂಬ ಮಾತನ್ನು ನಾವು ಎಳೆಯ ಮಕ್ಕಳಿಗೂ ಕಲಿಸಿದ್ದೇವೆ. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆ ಪಾನದ ಮಾತು ಈಗ ಎಷ್ಟು ಉಳಿದಿದೆಯೆಂಬ ಪ್ರಶ್ನೆಯನ್ನು ದಡದ ಊರುಗಳ ಮುಂದಿಟ್ಟಿತು. ದಡದಲ್ಲಿ ನಡೆಯುವವರಿಗೆ ಹೊಳೆ ಒಂದು ರೀತಿ ಕಾಣುತ್ತದೆ, ಹೊಳೆಯಲ್ಲಿ ಕುಳಿತವರಿಗೆ ದಡ ಇನ್ನೊಂದು ರೀತಿ ಕಾಣುತ್ತದೆ. ಸೇತುವೆಯ ಮೇಲಿಂದ ಕಣ್ಣಿಗೆ ಬೀಳುವುದು ನೀರಿನ ಹೊಳಪು. ನೀರಿನ ಮಟ್ಟದಿಂದ ತಲೆಯೆತ್ತಿದರೆ ಕಾಣುವುದು ಹೊಳೆಮತ್ತಿಯ ರೆಂಬೆಗಳಲ್ಲಿ, ಬಿದಿರು ಹಿಂಡಿಲಿನಲ್ಲಿ ನೆರೆ ಬಂದಷ್ಟು ಎತ್ತರಕ್ಕೂ ಜೋತುಬಿದ್ದ ಪ್ಲಾಸ್ಟಿಕ್ಕಿನ ಚಿಂದಿ. ಬಂಡೆಯ ಹಿಂದಿನ ಸುಳಿಯಲ್ಲಿ, ಹಳ್ಳ ಬಂದು ಕೂಡುವ ಬಾಯಿಯಲ್ಲಿ, ತಿರುವಿನ ಒಳಮಗ್ಗುಲಲ್ಲಿ, ಅಣೆಕಟ್ಟೆಯ ಹಿನ್ನೀರಿನ ಮೂಲೆಗಳಲ್ಲಿ ಕಸ ತಾನಾಗಿ ಒಟ್ಟಾಗುತ್ತದೆ. ಹೊಳೆ ತನ್ನ ಕಸವನ್ನು ತಾನೇ ವಿಂಗಡಿಸಿ ಇಡುತ್ತದೆಂದರೂ ನಡೆದೀತು. ಹಗುರವಾದದ್ದು ಕೊಂಬೆಗೆ, ತೇಲುವುದು ಸುಳಿಗೆ, ನೆನೆದು ಭಾರವಾದದ್ದು ಮಡುವಿನ ತಳಕ್ಕೆ.

ಈ ಕೆಲಸಕ್ಕೆ ಹರಿಗೋಲು ಹೇಳಿಮಾಡಿಸಿದ ವಾಹನ. ಅಂಗೈಯಗಲ ನೀರಿದ್ದರೂ ತೇಲುತ್ತದೆ, ನಿಂತಲ್ಲೇ ತಿರುಗುತ್ತದೆ, ಭಾರ ಹೊರುತ್ತದೆ, ದಡದ ಬೇರುಗಳ ನಡುವೆ ನುಸುಳುತ್ತದೆ. ಒಬ್ಬರು ಹುಟ್ಟು ಹಿಡಿದರೆ ಇನ್ನೊಬ್ಬರು ಬಿದಿರಿನ ಕೊಕ್ಕೆಯಿಂದ ಎಳೆದುಕೊಳ್ಳಬಹುದು. ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು. ಈಗಿನ ಹರಿಗೋಲಿಗೆ ಪ್ಲಾಸ್ಟಿಕ್ ಗೋಣಿ ಹೊದಿಸಿ ಡಾಂಬರು ಬಳಿಯುತ್ತಾರೆ. ಪ್ಲಾಸ್ಟಿಕ್ ಹೆಕ್ಕಲು ಪ್ಲಾಸ್ಟಿಕ್ಕಿನ ಹರಿಗೋಲೇ ಎಂದು ನಗುವವರು ನಗಲಿ. ವರ್ಷಗಟ್ಟಲೆ ಅಂಬಿಗನ ಬದುಕನ್ನು ಹೊರುವ ಪ್ಲಾಸ್ಟಿಕ್ಕಿಗೂ, ಒಂದು ತಲೆಸ್ನಾನಕ್ಕೆಂದು ಹುಟ್ಟಿ ನೂರಾರು ವರ್ಷ ಹೊಳೆಯಲ್ಲಿ ಉಳಿಯುವ ಪೊಟ್ಟಣಕ್ಕೂ ಇರುವ ವ್ಯತ್ಯಾಸ ಆ ನಗುವಿನಲ್ಲೇ ಅರ್ಥವಾಗುತ್ತದೆ.

ಇನ್ನು ಕಸದ ವಿಳಾಸಗಳು. ಸ್ನಾನಘಟ್ಟಗಳ ಕೆಳಗೆ ಸಿಗುವುದು ಬಟ್ಟೆ. ಉಟ್ಟದ್ದನ್ನು ಹೊಳೆಗೆ ಬಿಟ್ಟರೆ ಪಾಪ ಕಳೆಯುವುದೆಂಬ ನಂಬಿಕೆ ಹತ್ತಿಬಟ್ಟೆಯ ಕಾಲದ್ದು. ಈಗಿನ ಪಾಲಿಯೆಸ್ಟರ್ ಸೀರೆ ಕೊಳೆಯುವುದಿಲ್ಲ. ಅದು ಬೇರಿಗೆ ಸುತ್ತಿಕೊಂಡು, ಮರಳು ತುಂಬಿಕೊಂಡು, ಇಬ್ಬರು ಎಳೆದರೂ ಬಾರದಷ್ಟು ಭಾರವಾಗುತ್ತದೆ. ನೇತ್ರಾವತಿ, ಕುಮಾರಧಾರಾಗಳ ಘಟ್ಟಗಳಲ್ಲೂ ಇದೇ ಪಾಡು. 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದೀತೀರದ 500 ಮೀಟರ್ ವ್ಯಾಪ್ತಿಯಲ್ಲಿ ಸೋಪು, ಶಾಂಪೂ ಮಾರಾಟವನ್ನು ನಿಲ್ಲಿಸುವಂತೆಯೂ ನೀರಿಗೆ ಬಟ್ಟೆ ಬಿಡುವುದನ್ನು ತಡೆಯುವಂತೆಯೂ ಅಧಿಕಾರಿಗಳಿಗೆ ಸೂಚಿಸಿದರು. ಸೂಚನೆ ಘಟ್ಟದ ಮೆಟ್ಟಿಲವರೆಗೆ ಇಳಿದಿದೆಯೇ ಎಂಬುದನ್ನು ಮೆಟ್ಟಿಲ ಕೆಳಗಿನ ಮಡುವೇ ಹೇಳುತ್ತದೆ.

ಸೇತುವೆಗಳ ಕೆಳಗೆ ಸಿಗುವುದು ಗಂಟು ಕಟ್ಟಿದ ಚೀಲ. ಒಂದರಲ್ಲಿ ಪೂಜೆಯ ನಿರ್ಮಾಲ್ಯ, ಇನ್ನೊಂದರಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಮತ್ತೊಂದರಲ್ಲಿ ಮಗುವಿನ ಡೈಪರು. ಮಗು ಬಳಸಿದ್ದನ್ನು ಸುಟ್ಟರೆ ಮಗುವಿಗೆ ಕೇಡೆಂಬ ನಂಬಿಕೆಯೂ ಕೆಲವೆಡೆ ಇದೆ. ಹೂವು ಹೊಳೆಗೆ ಹೊರೆಯಲ್ಲ, ಹೂವನ್ನು ತುಂಬಿದ ಚೀಲ ಹೊರೆ. ಇಷ್ಟನ್ನು ಮನೆಯ ಹಿರಿಯ ಹೆಂಗಸರಿಗೆ ಮನದಟ್ಟು ಮಾಡಿದರೆ ಸೇತುವೆಗೆ ಜಾಲರಿ ಹಾಕಿಸುವುದಕ್ಕಿಂತ ಹೆಚ್ಚಿನ ಫಲ ಸಿಕ್ಕೀತು.

ಹಳ್ಳಗಳು ಹೊಳೆ ಸೇರುವ ಬಾಯಲ್ಲಿ ಸಿಗುವ ಕಸ ನಮ್ಮ ತೋಟದ್ದು, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೊಳೆರೋಗದಿಂದ ಅಡಿಕೆ ಕೊನೆಯನ್ನು ಉಳಿಸಲು ಹಿಂದೆ ಹಾಳೆಯ ಕೊಟ್ಟೆಯನ್ನೋ ಕರಡದ ಹೊದಿಕೆಯನ್ನೋ ಕಟ್ಟುತ್ತಿದ್ದರು. ಮಳೆ ಮುಗಿದ ಮೇಲೆ ಅದು ಮರದ ಬುಡಕ್ಕೆ ಗೊಬ್ಬರ. ಈಗ ಹಲವೆಡೆ ಆ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿದೆ. ಹಾಳೆಗಿದ್ದ ಕೊಟ್ಟೆ ಎಂಬ ಹೆಸರನ್ನೇ ಮಲೆನಾಡು ಪ್ಲಾಸ್ಟಿಕ್ ಚೀಲಕ್ಕೂ ಕೊಟ್ಟುಬಿಟ್ಟಿದೆ, ಭಾಷೆ ಇಂಥ ಬದಲಾವಣೆಯನ್ನು ಸದ್ದಿಲ್ಲದೆ ದಾಖಲಿಸುತ್ತದೆ. ಮೈಲುತುತ್ತದ ಚೀಲ, ಕಳೆನಾಶಕದ ಬಾಟಲಿ, ಹರಿದ ತಾಡಪಾಲು, ಹನಿ ನೀರಾವರಿಯ ಹಳೆಯ ಪೈಪು, ಸಸಿ ನೆಟ್ಟ ಗುಂಡಿಯ ಪಕ್ಕದಲ್ಲೇ ಉಳಿಯುವ ವನಮಹೋತ್ಸವದ ಕಪ್ಪು ಚೀಲ, ಎಲ್ಲವೂ ಮುಂಗಾರಿನ ಮೊದಲ ನೆರೆಗೆ ತೋಟದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ನಡೆದುಬಿಡುತ್ತವೆ. ಇದಕ್ಕೆ ಪೇಟೆಯವರನ್ನು ದೂರುವಂತಿಲ್ಲ.

ಪಾನ್ ಮಸಾಲೆಯ ಪೊಟ್ಟಣದ ಕಥೆ ಇನ್ನೂ ವಿಚಿತ್ರವಾದದ್ದು. ನಮ್ಮ ತೋಟದ ಅಡಿಕೆಯೇ ಲಾರಿ ಹತ್ತಿ ಉತ್ತರದ ಕಾರ್ಖಾನೆಗಳಿಗೆ ಹೋಗಿ, ಪುಡಿಯಾಗಿ, ಪೊಟ್ಟಣ ಸೇರಿ, ಮರಳಿ ನಮ್ಮೂರಿನ ಗೂಡಂಗಡಿಯ ಸರದಲ್ಲಿ ತೂಗುತ್ತದೆ. ಅಲ್ಲಿಂದ ಹೊಳೆಗೆ ದೂರವಿಲ್ಲ. ಗುಟ್ಕಾ, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಸಂಚಿಯಲ್ಲಿ ತುಂಬುವುದನ್ನು ಕೇಂದ್ರದ 2011ರ ನಿಯಮಗಳೇ ನಿಷೇಧಿಸಿದವು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಒಂದಿದ್ದ ಪೊಟ್ಟಣ ಎರಡಾಯಿತು, ಒಂದರಲ್ಲಿ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಹೊಳೆಯ ಲೆಕ್ಕದಲ್ಲಿ ನಿಷೇಧದಿಂದ ಕಸ ಇಮ್ಮಡಿಯಾಯಿತು.

ಆದಕಾರಣ ತಕ್ಕಡಿಯೊಂದನ್ನೇ ನಂಬಬೇಡಿರೆಂದು ವಿದ್ಯಾರ್ಥಿಗಳಿಗೆ ನಮ್ಮ ಸಲಹೆ. ಇಷ್ಟು ಟನ್ ಕಸ ತೆಗೆದೆವೆಂಬ ಸುದ್ದಿ ಪತ್ರಿಕೆಗಳಿಗೆ ಪ್ರಿಯ. ಆದರೆ ತೂಕ ಮೋಸಗಾರ. ಮರಳು ತುಂಬಿದ ಒಂದು ಸೀರೆ ಸಾವಿರಾರು ಪೊಟ್ಟಣಗಳಿಗಿಂತ ಭಾರ. ತೂಗಿ, ಜೊತೆಗೆ ಎಣಿಸಿರಿ. ಎಲ್ಲಿ ಸಿಕ್ಕಿತು, ಯಾವ ಹಳ್ಳದ ಬಾಯಿ, ಯಾವ ಸೇತುವೆ, ಯಾವ ಬಗೆಯ ವಸ್ತು, ಓದಲು ಬಂದರೆ ಯಾರ ತಯಾರಿಕೆ ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಹೆಸರು ಬರೆಯುವುದಕ್ಕೆ ಕಾರಣವಿದೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಮೊದಲ ಬಾರಿಗೆ ಹಳ್ಳಿಗಳನ್ನೂ ಒಳಗೊಂಡು ಗ್ರಾಮ ಪಂಚಾಯಿತಿಗೆ ಹೊಣೆ ಹೊರಿಸಿದವು, ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ಬಿಡುವ ತಯಾರಕರು ಅದರ ವಿಲೇವಾರಿಗೂ ಹೊಣೆಗಾರರೆಂದವು. 2022ರ ಫೆಬ್ರವರಿಯಲ್ಲಿ ಈ ಹೊಣೆಗೆ ವಿವರವಾದ ಮಾರ್ಗಸೂಚಿ ಬಂತು. ಆದರೆ ಕಂಪನಿ ತಾನು ಮಾರಿದಷ್ಟೇ ತೂಕದ ಪ್ಲಾಸ್ಟಿಕ್ ದೇಶದ ಯಾವುದೋ ಮೂಲೆಯಲ್ಲಿ ಸಂಸ್ಕರಣೆಯಾಯಿತೆಂಬ ಪ್ರಮಾಣಪತ್ರ ಕೊಂಡರೆ ಲೆಕ್ಕ ಮುಗಿಯುತ್ತದೆ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಇಂಥ ಪ್ರಮಾಣಪತ್ರಗಳಲ್ಲಿ ಲಕ್ಷಗಟ್ಟಲೆ ನಕಲಿಯೆಂದು ಕಂಡುಬಂತು. ಕಾಗದದಲ್ಲಿ ಸಂಸ್ಕರಣೆಯಾದ ಪೊಟ್ಟಣ ಹೊಳೆಮತ್ತಿಯ ಕೊಂಬೆಯಲ್ಲಿ ತೂಗುತ್ತಿದೆ ಎಂದು ದಿನಾಂಕ, ಸ್ಥಳ, ಸಂಖ್ಯೆಗಳೊಡನೆ ತೋರಿಸಬಲ್ಲವರು ಹೊಳೆಗೆ ಇಳಿದವರು ಮಾತ್ರ.

2016ರ ಮಾರ್ಚ್‌ನಿಂದ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ಚಮಚ, ಹೀರುಗೊಳವೆಗಳಿಗೆ ದೇಶವ್ಯಾಪಿ ನಿಷೇಧ ಬಂತು. ಶಾಂಪೂ ಪೊಟ್ಟಣವಾಗಲಿ ಕುರುಕಲು ತಿಂಡಿಯ ಚೀಲವಾಗಲಿ ಆ ಪಟ್ಟಿಯಲ್ಲಿಲ್ಲ. ಪಟ್ಟಿ ಮಾಡಿದವರು ಒಮ್ಮೆ ಹರಿಗೋಲು ಹತ್ತಿದ್ದರೆ ಪಟ್ಟಿ ಬೇರೆಯಾಗುತ್ತಿತ್ತೇನೋ.

ಹೆಕ್ಕಿದ್ದು ಎಲ್ಲಿಗೆ ಹೋಗಬೇಕು? ದಡಕ್ಕೆ ತಂದು ರಾಶಿ ಹಾಕಿ, ಭಾವಚಿತ್ರ ತೆಗೆದು, ಬೆಂಕಿ ಹಚ್ಚಿ ಹೋಗುವ ಸ್ವಚ್ಛತಾ ಕಾರ್ಯಕ್ರಮಗಳನ್ನು ಮಲೆನಾಡು ಸಾಕಷ್ಟು ಕಂಡಿದೆ. ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷಗಳು ಗಾಳಿಗೆ ಸೇರುತ್ತವೆ, ಉಳಿದ ಬೂದಿ ಮುಂದಿನ ಮಳೆಗೆ ಹೊಳೆಗೇ ಹೋಗುತ್ತದೆ. ಗುಂಡಿ ತೋಡಿ ಹೂತರೆ ನೆರೆ ಅದನ್ನು ಅಗೆದು ಒಯ್ಯುತ್ತದೆ. ಆದ್ದರಿಂದ ಯಾನ ಹೊರಡುವ ಮೊದಲೇ ದಡದ ಪ್ರತಿ ಪಂಚಾಯಿತಿಯೊಡನೆ ಮಾತಾಗಿರಬೇಕು. ಪಂಚಾಯಿತಿಗಳ ಒಣಕಸ ಘಟಕಗಳೂ ಮಹಿಳೆಯರು ನಡೆಸುವ ಸ್ವಚ್ಛವಾಹಿನಿ ಗಾಡಿಗಳೂ ಈಗ ಅನೇಕ ಕಡೆ ಇವೆ. ಕೆಲವೆಡೆ ಘಟಕಕ್ಕೆ ಬೀಗ ಬಿದ್ದಿದೆ, ಆ ಬೀಗ ತೆಗೆಸುವುದೂ ಈ ಯಾನದ ಕೆಲಸವೇ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಟ್ಟುಗೂಡಿಸಿ ವಿಂಗಡಿಸುವ ಘಟಕವಿದೆ. ಒಂದೊಂದೇ ಪಂಚಾಯಿತಿಗೆ ಭಾರವಾದದ್ದು ಹತ್ತು ಪಂಚಾಯಿತಿ ಸೇರಿದರೆ ಸಾಧ್ಯವೆಂಬುದಕ್ಕೆ ಅದನ್ನು ಒಮ್ಮೆ ನೋಡಿ ಬರಬಹುದು.

ಉತ್ಸಾಹದಲ್ಲಿ ಮರೆಯಬಾರದ ಕೆಲವು ಮಾತುಗಳಿವೆ. ಹೊಳೆಯಲ್ಲಿ ಬಿದ್ದದ್ದೆಲ್ಲ ಕಸವಲ್ಲ. ಮುರಿದ ಮರ, ಬೇರಿಗೆ ಸಿಕ್ಕ ದರಗು, ಕೊಳೆತ ಎಲೆ ಇವು ಮೀನುಮರಿಗೆ ಮನೆ, ನೀರಿನ ಹುಳುಗಳಿಗೆ ಊಟ. ದಡವನ್ನು ಅಂಗಳದಂತೆ ನುಣ್ಣಗೆ ಮಾಡುವ ಚಪಲ ಬೇಡ. ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಂಥ ಜಾಗಗಳಲ್ಲಿ ಹುಟ್ಟಿನ ಸದ್ದೂ ಕಡಿಮೆಯಿರಲಿ. ಮಂಡಗದ್ದೆಯ ನಡುಗಡ್ಡೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ ಮುಗಿದು ಮರಿಗಳು ಹಾರಿಹೋಗುವವರೆಗೆ ಆ ಕಡೆ ದೋಣಿ ಸುಳಿಯಬಾರದು. ಭದ್ರಾ ಹಿನ್ನೀರಿಗೆ ಹೋಗಬಯಸುವವರು ಬೇಸಿಗೆಯಲ್ಲಿ ರೀವಗಳು ಮೊಟ್ಟೆಯಿಡುವ ದ್ವೀಪಗಳನ್ನು ಕಸ ಕಂಡರೂ ಮುಟ್ಟದೆ ಬಿಡಬೇಕು. ನೈಲಾನ್ ಬಲೆಯ ತುಂಡು ಮಾತ್ರ ಎಲ್ಲಿ ಕಂಡರೂ ಬಿಡಬೇಡಿ. ಬಿಟ್ಟುಹೋದ ಬಲೆ ಮೀನು, ಆಮೆ, ನೀರುನಾಯಿಗಳನ್ನು ಹಿಡಿಯುತ್ತಲೇ ಇರುತ್ತದೆ.

ಜೀವದ ಮಾತಿನಲ್ಲಿ ರಿಯಾಯಿತಿಯಿಲ್ಲ. ತೇಲುಜಾಕೀಟು ಇಲ್ಲದವರು, ಈಜು ಎಷ್ಟೇ ಬರಲಿ, ನೀರಿಗಿಳಿಯಬಾರದು. ಮೇಲೆ ಅಣೆಕಟ್ಟೆಯಿರುವ ಹೊಳೆಗಳಲ್ಲಿ, ಮುಖ್ಯವಾಗಿ ಕಾಳಿ, ಶರಾವತಿಗಳಲ್ಲಿ, ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಮಟ್ಟ ಹಠಾತ್ತನೆ ಏರುತ್ತದೆ. ಗಾಜು, ಸೂಜಿ, ಕೊಳೆತ ಚೀಲಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ ಎಂಬುದನ್ನು ಬಲ್ಲ ಅಂಬಿಗರ ಮಾತೇ ಕಡೆಯ ಮಾತಾಗಲಿ. ಅವರನ್ನು ಒಂದು ದಿನದ ಕೆಲಸ ಬಿಡಿಸಿ ಕರೆತಂದ ಮೇಲೆ ಆ ದಿನದ ಕೂಲಿಯನ್ನು ಲೆಕ್ಕಕ್ಕೆ ಸರಿಯಾಗಿ ಕೊಡಬೇಕು, ಶಾಲು ಹೊದಿಸಿ ಕಳಿಸುವುದಲ್ಲ. ಯಾನಕ್ಕೆ ಹಣ ಕೊಡಲು ಬಾಟಲಿ ನೀರಿನ, ಪೊಟ್ಟಣದ ತಿಂಡಿಯ ಕಂಪನಿಗಳು ಮುಂದೆ ಬಂದರೆ ಬೇಡವೆನ್ನಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕಸದ ಮೇಲಿದ್ದ ಹೆಸರೇ ಅಂಗಿಯ ಬೆನ್ನಿನ ಮೇಲೂ ಬಂದರೆ ಲೆಕ್ಕದ ಪುಸ್ತಕ ಬರೆಯುವ ಕೈ ನಡುಗುತ್ತದೆ.

ಯಾನಕ್ಕಿಂತ ದೊಡ್ಡ ಕೆಲಸ ಅನಂತರ ಬರುತ್ತದೆ. ದೋಣಿಯಿಂದ ಬರೆದು ತಂದ ಪುಸ್ತಕದಲ್ಲಿ ಯಾವ ಹಳ್ಳದ ಬಾಯಲ್ಲಿ ಕಸ ಹೆಚ್ಚಿದೆಯೋ ಆ ಹಳ್ಳವನ್ನು ಚೈತ್ರ-ವೈಶಾಖದಲ್ಲಿ, ನೀರು ಬತ್ತಿರುವಾಗ, ಕೆಳಗಿನಿಂದ ಮೇಲಕ್ಕೆ ನಡೆದು ಹೋಗಬೇಕು. ಒಣಗಿದ ಹಳ್ಳದಲ್ಲಿ ಕೈಗೆ ಸುಲಭವಾಗಿ ಸಿಗುವ ಕೊಟ್ಟೆ ಜ್ಯೇಷ್ಠದಲ್ಲಿ ಹೊಳೆ ಸೇರಿ, ಬಂಡೆಗೆ ಉಜ್ಜಿ, ಬಿಸಿಲಿಗೆ ಚೂರಾಗಿ, ಮೀನಿನ ಹೊಟ್ಟೆ ಸೇರಿದ ಮೇಲೆ ಯಾವ ಹರಿಗೋಲಿಗೂ ಸಿಗದು. ಈ ನಡಿಗೆಗೆ ಜಾಕೀಟು ಬೇಡ, ಹುಟ್ಟು ಬೇಡ, ಈಜು ಬೇಡ. ಹಳ್ಳದ ಅಕ್ಕಪಕ್ಕದ ತೋಟದವರೇ ಬಂದರೆ ಸಾಕು. ತಮ್ಮ ತೋಟದ ಕೊಟ್ಟೆಯನ್ನು ತಾವೇ ಗುರುತಿಸುತ್ತಾರೆ. ಗ್ರಾಮಸಭೆಯಲ್ಲಿ ಪಟ್ಟಿ ಓದಿದಾಗ ಗದ್ದಲವಾದೀತು, ನಮ್ಮ ಹಳ್ಳದ ಹೆಸರು ಏಕೆ ಬಂತೆಂದು ಸಿಟ್ಟೂ ಬಂದೀತು. ಬರಲಿ. ಅಣೆಕಟ್ಟೆ, ಸುರಂಗಗಳ ವಿಷಯದಲ್ಲಿ ಸರ್ಕಾರದಿಂದ ಲೆಕ್ಕ ಕೇಳುವ ನಾವು ನಮ್ಮ ಹಳ್ಳದ ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಕೇಳಿದರೆ ಆ ಪ್ರಶ್ನೆಯ ತೂಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಹಿರಿಯ ಮಿತ್ರರು ಇದನ್ನು ಯೋಚಿಸಬೇಕೆಂದು ವಿನಂತಿ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ತೆಪ್ಪೋತ್ಸವ ಮುಗಿದ ಮುಂದಿನ ವಾರ ಮಂಡಗದ್ದೆಯಿಂದ ಕೆಳಗೆ ಗಾಜನೂರು ಹಿನ್ನೀರಿನಲ್ಲಿ ಮೊದಲ ಯಾನ ನಡೆಸಬಹುದೆಂಬುದು ಸದ್ಯದ ಯೋಚನೆ. ನೀರು ಶಾಂತವಾಗಿರುತ್ತದೆ, ಮೇಲಿನ ಊರುಗಳಿಂದ ಬಂದದ್ದೆಲ್ಲ ಅಲ್ಲಿ ತಂಗಿರುತ್ತದೆ. ಸಕ್ರೆಬೈಲಿನ ಆನೆ ಬಿಡಾರದ ಆಸುಪಾಸಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಪತ್ರ ಬರೆಯುವ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕು. ಈಜು ಬಾರದವರು ದಡದ ತಂಡದಲ್ಲಿ ವಿಂಗಡಣೆಗೆ, ಎಣಿಕೆಗೆ ಬರಬಹುದು, ಅಲ್ಲಿಯೇ ಹೆಚ್ಚು ಕೈಗಳು ಬೇಕಾಗುವುದು. ಬುತ್ತಿಯನ್ನು ಬಾಳೆಲೆಯಲ್ಲಿ ಕಟ್ಟಿ ತನ್ನಿರಿ. ತೂಕಕ್ಕೆ ಒಂದು ತಕ್ಕಡಿ, ಬರೆಯಲು ಗಟ್ಟಿ ರಟ್ಟಿನ ಪುಸ್ತಕಗಳು, ಒಂದಿಷ್ಟು ಹಳೆಯ ಗೋಣಿಚೀಲಗಳು ಬೇಕಾಗಿವೆ. ಸೆಣಬಿನವಾದರೆ ಒಳ್ಳೆಯದು.